ಎರಡನೇ ಸಾಲಿನ ಮೊದಲು

ನಮ್ಮಾಕೆ ಹಾಡುತ್ತಿದ್ದ ಕಾಲದ ನನ್ನ ಗಿಟಾರಿನ ಆಂಪ್ಲಿಫೈಯರ್ ಅವಳು ತೀರಿಕೊಂಡ ವರ್ಷವೇ ಸುಟ್ಟುಹೋಯಿತು. ಅದರ ದನಿಯನ್ನು ಇನ್ನೊಮ್ಮೆ ಕೇಳುವ ಆಸೆಗೆ, ಹಳೆಯ ಆಂಪ್ಲಿಫೈಯರುಗಳ ದನಿಯನ್ನೆಲ್ಲ ಅನುಕರಿಸುವ ಮಾಡೆಲರ್ ಎಂಬ ಪೆಟ್ಟಿಗೆ ಕೊಂಡೆ.

“ಇದರೊಳಗೆ ನೂರು ಇವೆ ತಾತ,” ಎಂದ ಅಂಗಡಿಯವನು.

“ನನಗೆ ಒಂದೇ ಸಾಕಪ್ಪ, ಉಳಿದದ್ದು ನೀನೇ ಇಟ್ಕೋ,” ಎಂದೆ.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗುಂಡಿ ತಿರುಗಿಸುತ್ತಾ ಕೂತೆ. ಮೊದಮೊದಲು ತಗಡು ಬಡಿದಂತಿತ್ತು. ಟ್ರೆಬಲ್ ಇಳಿಸಿ, ಬೇಸ್ ಏರಿಸಿ, ಸಣ್ಣ ಕೋಣೆಯಷ್ಟು ಎಕೋ ಸೇರಿಸಿದ ಮೇಲೆ ಒಂದು ಮಧ್ಯಾಹ್ನ ಅದೇ ದನಿ ಬಂತು. ಅವಳ ಹಾಡಿನ ಮೊದಲ ಸಾಲು ನುಡಿಸಿ, ಹಳೆಯ ಅಭ್ಯಾಸದಂತೆ ತಂತಿಗಳನ್ನು ಅಂಗೈಯಿಂದ ಅದುಮಿ ನಿಲ್ಲಿಸಿದೆ. ಎರಡನೇ ಸಾಲಿಗೆ ಮುಂಚೆ ಉಸಿರು ತೆಗೆದುಕೊಳ್ಳಲು ಅವಳಿಗೆ ಅಷ್ಟು ಬಿಡುವು ಬೇಕಿತ್ತು.

ಹೆಡ್‌ಫೋನಿನಲ್ಲಿ ಯಾರೋ ಉಸಿರೆಳೆದುಕೊಂಡರು. ಎಡಗಿವಿ ಬೆಚ್ಚಗಾಯಿತು. ಮತ್ತೆ ನುಡಿಸಿ ನಿಲ್ಲಿಸಿದೆ. ಮತ್ತೆ ಉಸಿರು.

ಮಗಳನ್ನು ಕರೆದು ಕೇಳಿಸಿದೆ.

“ಕರೆಂಟಿನ ಸದ್ದು ಕಣಪ್ಪ. ನಾಯ್ಸ್ ಗೇಟ್ ಹಾಕಿಲ್ಲ ನೀನು. ಹಾಕಿದ್ರೆ ಸಣ್ಣಪುಟ್ಟ ಸದ್ದೆಲ್ಲ ಹೊರಗೇ ನಿಲ್ಲುತ್ತೆ,” ಎಂದು ಅದರ ಗುಂಡಿ ಒತ್ತಿಯೇಬಿಟ್ಟಳು.

“ತೆಗಿಯೇ, ತೆಗಿ!” ಎಂದೆ.

ತೆಗೆದಳು. ಎಷ್ಟು ಸಲ ನುಡಿಸಿದರೂ ಉಸಿರು ಬರಲಿಲ್ಲ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು.

“ಅಮ್ಮ ಅಂತ ಮೊದಲೇ ಹೇಳಬಾರದಾಗಿತ್ತಾ ಅಪ್ಪ?” ಎಂದು ಅತ್ತಳು.

ಈಗಲೂ ಮೊದಲ ಸಾಲು ನುಡಿಸಿ, ತಂತಿಗಳನ್ನು ಅದುಮಿ ಕಾಯುತ್ತೇನೆ. ಕಿವಿಗೆ ಏನೂ ಬೀಳುವುದಿಲ್ಲ. ಆದರೆ ಸದ್ದು ಒಳಗೆ ಬಂದರೆ ಮಾತ್ರ ಬೆಳಗುವ ಪೆಟ್ಟಿಗೆಯ ಹಸಿರು ದೀಪ, ಒಂದು ಉಸಿರಿನಷ್ಟು ಕಾಲ ಬೆಳಗಿ ಆರುತ್ತದೆ.