ಪಟ್ಟಿಯಲ್ಲಿ ಅಜ್ಜಿ ಇಲ್ಲ

"ಇಲ್ಲಮ್ಮಾ, ನಿಮ್ಮ ಹೆಸರಿಲ್ಲ," ಎಂದರು ವಾಚ್‌ಮನ್ ಅಂಕಲ್. "ಎರಡು ಸಲ ನೋಡಿದೆ."

ಶಾಲೆಯ ಗೇಟಿನ ಆಚೆ ಅಜ್ಜಿ ನಿಂತಿದ್ದಳು. ಈಚೆ, ಬೆನ್ನಿಗೆ ಬ್ಯಾಗು ಏರಿಸಿಕೊಂಡು ಗುಬ್ಬಿ ನಿಂತಿದ್ದಳು. ನಡುವೆ ವಾಚ್‌ಮನ್ ಅಂಕಲ್. ಅವರ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಉದ್ದನೆಯ ಪಟ್ಟಿ.

"ನನ್ನ ಮೊಮ್ಮಗಳು ಕಣಪ್ಪಾ ಇವಳು. ಬೇಕಾದ್ರೆ ಮೂಗು ನೋಡು. ನಂದೇ ಮೂಗು!"

"ಮೂಗು ನಿಮ್ದೇ ಇರಬಹುದಮ್ಮಾ. ಆದ್ರೆ ಪಟ್ಟೀಲಿ ಮೂಗಿಗೆ ಕಾಲಂ ಇಲ್ಲ."

ಅಲ್ಲಿ ನಿಂತಿದ್ದ ಎರಡು ಮೂರು ಅಮ್ಮಂದಿರು ಕಿಸಕ್ಕನೆ ನಕ್ಕರು. ಗುಬ್ಬಿ ಮಾತ್ರ ನಗಲಿಲ್ಲ. ಅವಳು ತನ್ನ ಶೂಗಳನ್ನೇ ನೋಡುತ್ತಿದ್ದಳು. ಪಟ್ಟಿಯಲ್ಲಿ ಅಜ್ಜಿಯ ಹೆಸರು ಯಾಕಿಲ್ಲ ಎಂಬುದು ಇಡೀ ಶಾಲೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ಗುಬ್ಬಿಯೇ.

ಹೋದ ವಾರ ಶಾಲೆಯವರು ಎಲ್ಲ ಮಕ್ಕಳ ಕೈಯಲ್ಲೂ ಒಂದು ತೆಳು ಪುಸ್ತಕ ಕೊಟ್ಟು ಕಳಿಸಿದ್ದರು. ಅದರ ತುಂಬ ನಿಯಮಗಳು. ಮೊದಲರ್ಧ ಮಕ್ಕಳಿಗೆ: ಉಗುರು ಕತ್ತರಿಸಿರಬೇಕು, ಆಟದ ಸಾಮಾನು ತರಬಾರದು, ಮೆಟ್ಟಿಲ ಮೇಲೆ ಓಡಬಾರದು. ಉಳಿದರ್ಧ ಅಪ್ಪ ಅಮ್ಮಂದಿರಿಗೆ: ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು, ಮಕ್ಕಳ ಹೋಂವರ್ಕ್ ತಾವೇ ಮಾಡಿಕೊಡಬಾರದು, ಪಾಠ ನಡೆಯುವಾಗ ಕಿಟಕಿಯಲ್ಲಿ ಇಣುಕಬಾರದು.

ಅಜ್ಜಿ ಕನ್ನಡಕ ಏರಿಸಿಕೊಂಡು ಅಷ್ಟನ್ನೂ ಗಟ್ಟಿಯಾಗಿ ಓದಿದ್ದಳು. "ಭೇಷ್! ಇದನ್ನ ಬರೆದೋರು ಯಾರೋ ತಲೆ ಇರೋರು," ಎಂದಿದ್ದಳು.

ಕೊನೆಯ ಹಾಳೆಯಲ್ಲಿ ಒಂದು ಫಾರ್ಮ್ ಇತ್ತು. ಸಂಜೆ ಮಗುವನ್ನು ಕರೆದುಕೊಂಡು ಹೋಗುವವರು ಯಾರು ಯಾರು? ಹೆಸರು ಬರೆಯಲು ಮೂರು ಗೆರೆ. ಸೋಮವಾರದಿಂದ, ಹೆಸರಿದ್ದವರ ಕೈಗೆ ಮಾತ್ರ ಮಗು.

ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವತ್ತು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿದ್ದಳು. "ನೀನೇ ತುಂಬು ಗುಬ್ಬಿ. ನಾನು, ಅಪ್ಪ, ಅಜ್ಜಿ. ನಾನು ಸೈನ್ ಹಾಕ್ತೀನಿ," ಎಂದಳು.

ಮೊದಲ ಗೆರೆಯಲ್ಲಿ ಗುಬ್ಬಿ ಅಮ್ಮನ ಹೆಸರು ಬರೆದಳು. ಎರಡನೆಯದರಲ್ಲಿ ಅಪ್ಪನ ಹೆಸರು. ಅಪ್ಪ ಟ್ರಕ್ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಮೂರನೆಯ ಗೆರೆಗೆ ಬಂದಾಗ ಪೆನ್ನು ನಿಂತುಬಿಟ್ಟಿತು.

ಅಜ್ಜಿ ಮೊದಲು ಬಸ್ ಕಂಡಕ್ಟರ್ ಆಗಿದ್ದಳು. ಒಂದಲ್ಲ ಎರಡಲ್ಲ, ಇಪ್ಪತ್ತೆಂಟು ವರ್ಷ! ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದರೂ ದನಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಶಾಲೆ ಬಿಟ್ಟ ಕೂಡಲೆ ಗೇಟಿನ ಹತ್ತಿರ ನೂಕುನುಗ್ಗಲು ಕಂಡರೆ ಸಾಕು, ಶುರು. "ಬಾಗಿಲಲ್ಲಿ ನಿಲ್ಬೇಡಿ! ಮುಂದೆ ಹೋಗಿ, ಮುಂದೆ ಹೋಗಿ! ಏಯ್ ನೀಲಿ ಬ್ಯಾಗು, ತಳ್ಬೇಡ!" ಆಮೇಲೆ ಎರಡು ಬೆರಳು ಬಾಯಿಗಿಟ್ಟು ಒಂದು ವಿಷಲ್. ಗಿಡದ ಮೇಲಿನ ಹಕ್ಕಿಗಳೆಲ್ಲ ಪುರ್ರೆಂದು ಹಾರಬೇಕು, ಅಂಥ ವಿಷಲ್.

ಮಾರನೆಯ ದಿನ ಕ್ಲಾಸಿನಲ್ಲಿ ಗುಬ್ಬಿ ನೀರು ಕುಡಿಯಲು ಎದ್ದರೂ ಸಾಕು, ಹಿಂದಿನ ಬೆಂಚಿನ ಹುಡುಗರು ಶುರುಮಾಡುತ್ತಿದ್ದರು. "ಗುಬ್ಬಿ ಎಕ್ಸ್‌ಪ್ರೆಸ್ ಹೊರಟಿತು! ರೈಟ್, ರೈಟ್!"

ಅದಕ್ಕೇ ಪೆನ್ನು ನಿಂತಿದ್ದು. ಅಜ್ಜಿಯ ಹೆಸರಿಲ್ಲದಿದ್ದರೆ ಗೆಳತಿಯ ಜೊತೆ ಶಾಲೆಯ ವ್ಯಾನಿನಲ್ಲಿ ಹಾಯಾಗಿ ಬರಬಹುದು ಎಂದು ಗುಬ್ಬಿ ಅಂದುಕೊಂಡಿದ್ದಳು. ಅಮ್ಮ ಕಿವಿಗೆ ಫೋನ್ ಒತ್ತಿಕೊಂಡೇ ಫಾರ್ಮಿಗೆ ಸೈನ್ ಗೀಚಿದ್ದಳು. ಮೇಲೆ ಏನಿದೆ, ಏನಿಲ್ಲ ಎಂದು ನೋಡಿರಲೇ ಇಲ್ಲ.

ಈಗ ಅಜ್ಜಿ ಶಾಲೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ ಎಂದು ಗುಬ್ಬಿ ಹೆದರಿದಳು. ಆದರೆ ಅಜ್ಜಿ ಕೂಗಲಿಲ್ಲ.

"ಪಟ್ಟೀಲಿ ಇಲ್ವಾ? ಸರಿ. ಹಾಗಾದ್ರೆ ಮಗೂನ ಬಿಡಬೇಡ," ಎಂದಳು.

ವಾಚ್‌ಮನ್ ಅಂಕಲ್ ಕಣ್ಣು ಕಣ್ಣು ಬಿಟ್ಟರು. "ಬಿಡಬೇಡ ಅಂತೀರಾ?"

"ಮತ್ತೆ? ಡಿಪೋ ಮ್ಯಾನೇಜರ ಹೆಂಡ್ತೀನೇ ಒಂದ್ಸಲ ಟಿಕೆಟ್ ಇಲ್ಲದೆ ಕೂತಿದ್ಲು. ನಡು ರಸ್ತೇಲಿ ಇಳಿಸಿದೋಳು ನಾನು! ನಿಯಮ ಅಂದ್ರೆ ನಿಯಮ. ನೀನು ಒಳ್ಳೆ ಕೆಲಸ ಮಾಡ್ತಿದೀಯಪ್ಪಾ." ಅಷ್ಟು ಹೇಳಿ ಅಜ್ಜಿ ಸೆರಗು ಸರಿಮಾಡಿಕೊಂಡಳು. "ಆದ್ರೆ ನನ್ನ ಹೆಸರು ನುಂಗಿದೋರು ಯಾರು ಅಂತ ನಂಗೆ ಗೊತ್ತಾಗ್ಬೇಕು. ಆಫೀಸು ಎಲ್ಲಿ?"

ವಾಚ್‌ಮನ್ ಅಂಕಲ್ ಗೇಟು ತೆರೆದು ದಾರಿ ತೋರಿಸಿದರು, ಗುಬ್ಬಿ ಕಾಲೆಳೆಯುತ್ತಾ ಅಜ್ಜಿಯ ಹಿಂದೆ ನಡೆದಳು.

ಆಫೀಸಿನಲ್ಲಿ ಒಬ್ಬರು ಹೊಸ ಮಿಸ್ ಇದ್ದರು. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಮೇಜಿನ ಮೇಲೆ ಫೈಲುಗಳು ಅವರ ಗಲ್ಲದವರೆಗೂ ಏರಿದ್ದವು. ಅವರು ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಬರಲು ಒಂದು ಗಂಟೆಯಾದರೂ ಬೇಕಿತ್ತು. ಅಲ್ಲಿಯವರೆಗೆ ಗುಬ್ಬಿ ಇಲ್ಲೇ ಇರಬೇಕು.

"ಇರ್ತಾಳೆ, ತೊಂದ್ರೆ ಇಲ್ಲ," ಎಂದಳು ಅಜ್ಜಿ. "ಆದ್ರೆ ಮಿಸ್, ನನ್ನ ಹೆಸರು ಎಲ್ಲಿ ಹೋಯ್ತು?"

"ಫಾರ್ಮ್‌ನಲ್ಲಿ ಇದ್ದಿದ್ದನ್ನೇ ನಾನು ಟೈಪ್ ಮಾಡಿದ್ದು ಅಜ್ಜಿ..."

"ಮುನ್ನೂರು ಮಕ್ಕಳ ಫಾರ್ಮ್. ಒಂದೆರಡು ಕೈ ತಪ್ಪೋದು ಸಹಜ. ತಪ್ಪಾಯ್ತು ಅಂದ್ಬಿಡಿ, ಮುಗೀತು."

"ಇಲ್ಲ ಅಜ್ಜಿ, ನಾನು ಒಂದೊಂದನ್ನೂ ಚೆಕ್ ಮಾಡಿದೀನಿ..."

"ನಮ್ಮನೇಲಿ ಬರೆದು ಕೊಟ್ಟಿದ್ದು ಮಾಯ ಆಗೋಕೆ ಅದೇನು ಕರ್ಪೂರವಾ?" ಅಜ್ಜಿಯ ದನಿ ಈಗ ಮೇಲೇರಿತು. ಕಿಟಕಿಯ ಗಾಜು ಝಣ್ ಎಂದಿತು.

ಒಳಗಿನ ಕೋಣೆಯಿಂದ ಎಚ್ಚೆಮ್ ಮೇಡಂ ಹೊರಗೆ ಬಂದರು. "ಏನಿದು ಗಲಾಟೆ?"

"ಪಟ್ಟೀಲಿ ತಪ್ಪಾಗಿದೆ ಅಂತಿದಾರೆ ಮೇಡಂ," ಎಂದರು ಆಫೀಸ್ ಮಿಸ್. ಅವರ ದನಿ ಸಣ್ಣಗಾಗಿತ್ತು.

"ಮೊದಲನೇ ದಿನವೇ ತಪ್ಪಾದ್ರೆ ಹೇಗೆ? ನಿಮಗೆ ಎಷ್ಟು ಸಲ ಹೇಳಿದ್ದೆ ನಾನು?"

ಆಫೀಸ್ ಮಿಸ್ ಮುಖ ಕೆಂಪಗಾಯಿತು. ಅವರು ಬಗ್ಗಿ ಫೈಲುಗಳ ರಾಶಿಯಲ್ಲಿ ಗುಬ್ಬಿಯ ಫಾರ್ಮನ್ನು ಹುಡುಕತೊಡಗಿದರು. ಎರಡು ಫೈಲು ದೊಪ್ಪನೆ ಕೆಳಗೆ ಬಿದ್ದವು.

ಗುಬ್ಬಿಗೆ ಇನ್ನು ತಡೆಯಲಾಗಲಿಲ್ಲ.

"ಮಿಸ್‌ದು ತಪ್ಪಿಲ್ಲ," ಎಂದಳು. "ಆ ಫಾರ್ಮ್ ತುಂಬಿದ್ದು ನಾನು. ನಾನೇ ಅಜ್ಜಿ ಹೆಸರು ಬರೀಲಿಲ್ಲ."

ಆಫೀಸ್ ಮಿಸ್ ಹುಡುಕುವುದನ್ನು ಬಿಟ್ಟು ತಲೆ ಎತ್ತಿದರು.

"ಮರೆತುಬಿಟ್ಯಾ ಪುಟ್ಟಾ?" ಎಚ್ಚೆಮ್ ಮೇಡಂ ಮೆತ್ತಗೆ ಕೇಳಿದರು.

ಹೂಂ ಎಂದುಬಿಟ್ಟರೆ ಎಷ್ಟು ಸುಲಭವಿತ್ತು! ಗುಬ್ಬಿ ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅಜ್ಜಿ ತನ್ನನ್ನೇ ನೋಡುತ್ತಿರುವುದು ಕಾಣಿಸಿತು. ತುಂಬಿದ ಬಸ್ಸಿನಲ್ಲೂ ಟಿಕೆಟ್ ತೆಗೆದುಕೊಳ್ಳದವನನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ ಕಣ್ಣು ಅದು.

"ಮರೀಲಿಲ್ಲ," ಎಂದಳು ಗುಬ್ಬಿ.

"ಮತ್ತೆ ಯಾಕೆ?"

ಗುಬ್ಬಿ ಅಜ್ಜಿಯ ಕಡೆ ನೋಡಿದಳು. ಅಷ್ಟರಲ್ಲಿ ಅಜ್ಜಿಯೇ ಮುಂದೆ ಬಂದಳು. "ಅದು ನಮ್ಮ ಮನೆ ಸಮಾಚಾರ ಬಿಡಿ ಮೇಡಂ. ನಾವು ನಾವೇ ಮಾತಾಡ್ಕೋತೀವಿ." ಆಮೇಲೆ ಆಫೀಸ್ ಮಿಸ್ ಕಡೆ ತಿರುಗಿದಳು. "ತಪ್ಪಾಯ್ತಮ್ಮಾ. ಸುಮ್ಮಸುಮ್ಮನೆ ನಿನ್ನ ಮೇಲೆ ರೇಗಿದೆ. ನೀನು ಟೈಪ್ ಮಾಡಿದ್ದು ಸರಿಯಾಗೇ ಇದೆ."

ಎಚ್ಚೆಮ್ ಮೇಡಂ ಕೂಡ, "ನಾನೂ ಸ್ವಲ್ಪ ಅವಸರ ಮಾಡಿದೆ," ಎಂದರು. ಆಫೀಸ್ ಮಿಸ್ ಮೂಗು ಒರೆಸಿಕೊಂಡು ನಕ್ಕರು. ಗುಬ್ಬಿ ಬಿದ್ದಿದ್ದ ಫೈಲುಗಳನ್ನು ಎತ್ತಿಕೊಟ್ಟಳು.

ಹೊರಗೆ ವರಾಂಡದಲ್ಲಿ ಒಂದು ಉದ್ದದ ಬೆಂಚು ಇತ್ತು. ಅಜ್ಜಿ ಮೊಮ್ಮಗಳು ಅಲ್ಲಿ ಕೂತರು. ಆಟದ ಬಯಲು ಖಾಲಿಯಾಗಿತ್ತು. ದೂರದಲ್ಲಿ ಆಯಾ ಕ್ಲಾಸ್‌ರೂಮಿನ ಕಸ ಗುಡಿಸುತ್ತಿದ್ದಳು.

ಅಜ್ಜಿ ಗುಬ್ಬಿಯ ಬೆನ್ನಿನಿಂದ ಬ್ಯಾಗು ಇಳಿಸಿ ಪಕ್ಕದಲ್ಲಿಟ್ಟಳು. ಆಮೇಲೆ, "ನನ್ನ ಗಂಟಲಾ?" ಎಂದು ಕೇಳಿದಳು.

ಗುಬ್ಬಿ ತಲೆ ಬಗ್ಗಿಸಿಕೊಂಡೇ, "ಹ್ಞೂಂ," ಎಂದಳು. ಸ್ವಲ್ಪ ತಡೆದು, "ಮತ್ತೆ ವಿಷಲ್ಲು," ಎಂದಳು.

"ಓಹೋ, ವಿಷಲ್ಲೂ ಸೇರಿತಾ?"

"ಹುಡುಗ್ರು ರೇಗಿಸ್ತಾರೆ ಅಜ್ಜಿ. ರೈಟ್ ರೈಟ್ ಅಂತಾರೆ."

ಅಜ್ಜಿ ಬೈಯುತ್ತಾಳೆ ಎಂದುಕೊಂಡಿದ್ದಳು ಗುಬ್ಬಿ. ಅಜ್ಜಿ ಕಾಲು ಚಾಚಿಕೊಂಡು ಬಯಲನ್ನು ನೋಡಿದಳು.

"ಕೆಲಸದ ಮೊದಲನೇ ದಿನ ನನ್ನ ಬಾಯಿಂದ ದನೀನೇ ಹೊರಡಲಿಲ್ಲ, ಗೊತ್ತಾ?"

"ನಿನಗಾ?" ಗುಬ್ಬಿ ತಟ್ಟನೆ ತಲೆ ಎತ್ತಿದಳು.

"ನಂಗೇ. ಆಗ ನಿಮ್ಮಮ್ಮ ಕೈಕೂಸು. ಬಸ್ಸಿನ ತುಂಬ ಜನ, ಇಂಜಿನ್ ಗುರ್ರ್ ಅಂತಿದೆ. ನಾನು ಟಿಕೆಟ್, ಟಿಕೆಟ್ ಅಂತೀನಿ, ಯಾರಿಗೂ ಕೇಳಿಸ್ತಿಲ್ಲ. ಹಿಂದಿನ ಸೀಟಿಂದ ಒಬ್ಬ, ಏನಮ್ಮಾ ಗುಟ್ಟು ಹೇಳ್ತಿದೀಯಾ ಅಂದ. ಬಸ್ಸಿಗೆ ಬಸ್ಸೇ ನಕ್ತು. ಕೊನೇ ಸ್ಟಾಪಲ್ಲಿ ಇಳಿದು ಟೈರ್ ಹಿಂದೆ ಕೂತು ಅತ್ತಿದ್ದೆ."

"ಆಮೇಲೆ?"

"ಆಮೇಲೇನು? ಮನೆಗೆ ಹೋಗಿ ಹಿತ್ತಲಲ್ಲಿ ನಿಂತು ಕೂಗೋದು ಕಲಿತೆ. ಪಕ್ಕದ ಮನೆಯೋರು ಏನೋ ಅನಾಹುತ ಆಯ್ತು ಅಂತ ಓಡಿ ಬಂದಿದ್ರು."

ಗುಬ್ಬಿಗೆ ನಗು ಉಕ್ಕಿ ಬಂತು. ಅಜ್ಜಿಯೂ ನಕ್ಕಳು. ಇಬ್ಬರ ನಗುವಿಗೆ ಆಯಾ ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕಿದಳು.

"ಕಲಿಯೋದು ಕಲಿತೆ. ಬಿಡೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ ನೋಡು," ಎಂದಳು ಅಜ್ಜಿ.

ನಾಲ್ಕೂ ಮುಕ್ಕಾಲಿಗೆ ಅಮ್ಮ ಏದುಸಿರು ಬಿಡುತ್ತಾ ಬಂದಳು. ಅವಳ ಮೈಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು. ಗುಬ್ಬಿಯೇ ಎಲ್ಲವನ್ನೂ ಹೇಳಿದಳು. ಅಮ್ಮನ ಹುಬ್ಬು ಗಂಟಿಕ್ಕಿತು. "ಗುಬ್ಬೀ! ಅಜ್ಜಿಗೆ ಹೀಗಾ ಮಾಡೋದು?"

"ಸೈನ್ ಹಾಕಿದೋರು ಯಾರಮ್ಮಾ ಅದಕ್ಕೆ?" ಅಜ್ಜಿ ಅಮ್ಮನನ್ನೇ ಕೇಳಿದಳು.

ಅಮ್ಮ ನಾಲಿಗೆ ಕಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಎಚ್ಚೆಮ್ ಮೇಡಂ, "ನಮ್ಮ ಪುಸ್ತಕದಲ್ಲಿ ಪೋಷಕರಿಗೆ ಇರೋ ಕೊನೇ ನಿಯಮವೇ ಅದು. ಓದಿ, ಆಮೇಲೆ ಸಹಿ ಹಾಕಿ," ಎಂದರು. ನಗು ತಡೆಯಲು ಅವರು ಕೆಮ್ಮಿದ ಹಾಗಿತ್ತು.

ಹೊಸ ಫಾರ್ಮ್ ಬಂತು. ಈ ಸಲ ಗುಬ್ಬಿ ಮೂರನೆಯ ಗೆರೆಯಲ್ಲಿ ಅಜ್ಜಿಯ ಹೆಸರನ್ನು ದುಂಡಗೆ ಬರೆದಳು. ಅಮ್ಮ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಸೈನ್ ಹಾಕಿದಳು. ಆಫೀಸ್ ಮಿಸ್ ಅಲ್ಲೇ ಟೈಪ್ ಮಾಡಿ, ಅಜ್ಜಿಗೆ ತೋರಿಸಿ, ಪ್ರಿಂಟ್ ತೆಗೆದರು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಗುಬ್ಬಿ ಅಂದುಕೊಂಡಳು.

ಮಾರನೆಯ ದಿನ ಸಂಜೆ ಗಂಟೆ ಹೊಡೆಯಿತು. ಮಕ್ಕಳು ಗೇಟಿನ ಕಡೆ ನುಗ್ಗಿದರು. ಎಂದಿನಂತೆ ತಳ್ಳಾಟ. ಒಂದು ಮಗುವಿನ ಶೂ ಕಳಚಿಕೊಂಡಿತು, ಇನ್ನೊಬ್ಬರ ಬ್ಯಾಗು ಮತ್ತೊಬ್ಬರ ಗುಂಡಿಗೆ ಸಿಕ್ಕಿಕೊಂಡಿತು. ಆದರೆ ಯಾರೂ ಕೂಗಲಿಲ್ಲ.

"ಇವತ್ತು ನಿಮ್ಮಜ್ಜಿ ಬಂದಿಲ್ವಾ?" ಪಕ್ಕದಲ್ಲಿದ್ದ ಗೆಳತಿ ಕೇಳಿದಳು.

ಗುಬ್ಬಿ ಅತ್ತಿತ್ತ ನೋಡಿದಳು. ಪ್ರತಿದಿನ ಅಜ್ಜಿಯನ್ನು ಹುಡುಕಬೇಕಾಗಿಯೇ ಇರಲಿಲ್ಲ. ಕ್ಲಾಸಿನಿಂದ ಹೊರಬೀಳುವಾಗಲೇ ದನಿ ಕೇಳುತ್ತಿತ್ತು, ಅತ್ತ ಕಾಲು ಹಾಕಿದರಾಯಿತು. ಇವತ್ತು ಬರೀ ಕೊಡೆಗಳು, ಸ್ಕೂಟರುಗಳು, ಯಾರ ಯಾರದೋ ಅಪ್ಪ ಅಮ್ಮಂದಿರು. ಗುಬ್ಬಿ ತುದಿಗಾಲಲ್ಲಿ ನಿಂತು ಕತ್ತು ಚಾಚಿದಳು.

ಆಮೇಲೆ ಕಂಡಳು. ರಸ್ತೆಯ ಆಚೆ, ಪಂಕ್ಚರ್ ಅಂಗಡಿಯ ಗೋಡೆಗೆ ಒರಗಿಕೊಂಡು ಅಜ್ಜಿ ನಿಂತಿದ್ದಳು. ಎರಡೂ ಕೈ ಕಟ್ಟಿಕೊಂಡಿದ್ದಳು. ತುಟಿ ಬಿಗಿದು ಮುಚ್ಚಿಕೊಂಡಿದ್ದಳು. ಬೇರೆ ಯಾವುದೋ ಸ್ಟಾಪಿನಲ್ಲಿ ಇಳಿದುಬಿಟ್ಟವರ ಹಾಗೆ ಕಾಣುತ್ತಿದ್ದಳು. ಗುಬ್ಬಿಯ ಕಡೆ ನೋಡಿ, ಯಾರಿಗೂ ಗೊತ್ತಾಗದಂತೆ ಒಂದೇ ಒಂದು ಬೆರಳು ಅಲ್ಲಾಡಿಸಿದಳು.

ಹಿಂದಿನ ಬೆಂಚಿನ ಹುಡುಗರು ಪಕ್ಕದಲ್ಲೇ ಇದ್ದರು. ಗುಬ್ಬಿ ಅವರನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಇಟ್ಟು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿದಳು.

"ಅಜ್ಜೀ!"

ವಾಚ್‌ಮನ್ ಅಂಕಲ್ ಕೈಯಿಂದ ಪಟ್ಟಿ ಜಾರಿ ಬಿತ್ತು. ಪಂಕ್ಚರ್ ಅಂಗಡಿಯವನು ಟೈರ್ ಬಿಟ್ಟು ಎದ್ದು ನಿಂತ. ರಸ್ತೆಯ ಆಚೆ ಅಜ್ಜಿಯ ಕೈ ತಾನಾಗಿಯೇ ಬಿಚ್ಚಿಕೊಂಡಿತು, ಮುಖವೆಲ್ಲ ಹಲ್ಲಾಯಿತು.

ಗೇಟಿನಲ್ಲಿದ್ದವರೆಲ್ಲ ಗುಬ್ಬಿಯ ಕಡೆ ತಿರುಗಿ ನೋಡಿದರು.

ನೋಡಲಿ, ಅನ್ನಿಸಿತು ಗುಬ್ಬಿಗೆ.