ಒಂದು ಬೀಡಿಯ ಸಂದು

ಕಾರ್ತಿಕ ಕಳೆದು ಹತ್ತಿ ಬಿಡಿಸುವ ದಿನಗಳು. ಸುರಪುರದಿಂದ ರಂಗಂಪೇಟೆಗೆ ಬರುವ ರಸ್ತೆಯ ಜಾಲಿಗಂಟಿಗಳಿಗೆ ಲಾರಿಯಿಂದ ಹಾರಿದ ಹತ್ತಿ ಸಿಕ್ಕಿಕೊಂಡಿತ್ತು. ಹೊಲಕ್ಕೆ ಹೋಗುವವರ ಸೈಕಲ್ಲುಗಳು ಬೆಳಗಿನಿಂದಲೇ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದವು. ಮರಿಲಿಂಗ ತನ್ನ ಅಂಗಡಿಯಲ್ಲಿ ಮೂರನೆಯ ಪಂಕ್ಚರು ಹಾಕಿ ಕೈ ಒರೆಸಿಕೊಳ್ಳುವಾಗ ಭಾಗಣ್ಣ ಸೈಕಲ್ಲು ತಳ್ಳಿಕೊಂಡು ಬಂದ. ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಮೀನಿನ ಡಬ್ಬಿಯಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು.

ಭಾಗಣ್ಣ ಹೊಳೆಯಲ್ಲಿ ಮೀನು ಹಿಡಿದು ಸುರಪುರದ ಮಾರುಕಟ್ಟೆಯಲ್ಲಿ ಮಾರುವವನು. ಉಸುಕಿನ ದಾರಿಯಲ್ಲಿ ಸಣ್ಣ ಟೈರು ಹೂತುಹೋಗುತ್ತದೆಂದು, ಅಪ್ಪನ ಕಾಲದ ಫ್ರೇಮಿಗೆ ದಪ್ಪ ಟೈರು ಕೂಡಿಸಿಕೊಡಲು ಕೇಳಿದ್ದ. ಎಂಟು ದಿನದ ಹಿಂದೆ ಮರಿಲಿಂಗನೇ ಅದನ್ನು ಕಟ್ಟಿಕೊಟ್ಟಿದ್ದ. ಈಗ ಅದೇ ಟೈರಿನ ಎಡಮಗ್ಗುಲು ಎರಡು ಬೆರಳುದ್ದ ಸೀಳಿತ್ತು.

ಮಾರುಕಟ್ಟೆಯಲ್ಲಿ ಪಕ್ಕಕ್ಕೆ ಕೂಡುವ ಲಾಲಪ್ಪನೇ ಕೊಯ್ದಿದ್ದಾನೆ ಎಂಬುದು ಭಾಗಣ್ಣನ ಮಾತು. ಗಿರಾಕಿ ಕಸಿದುಕೊಂಡನೆಂದು ಇಬ್ಬರಿಗೂ ಮೊನ್ನೆಯಷ್ಟೇ ಜಗಳವಾಗಿತ್ತು, ಲಾಲಪ್ಪನ ಕೈಯಲ್ಲಿ ಸದಾ ಮೀನು ಹೆಚ್ಚುವ ಚಾಕು.

ಮರಿಲಿಂಗ ಗಾಲಿ ಬಿಚ್ಚಿದ. ಗಾಲಿಯನ್ನು ಎರಡೂ ಮಗ್ಗುಲಿನಿಂದ ಹಿಡಿದ ಕೊಳವೆಗಳಿಗೆ ಈ ಕಸುಬಿನವರು ಚಿಮಟಾ ಅನ್ನುತ್ತಾರೆ. ಎಡಗಡೆಯ ಚಿಮಟಾಕ್ಕೆ ಕಪ್ಪನೆಯ ಪುಡಿ ಮೆತ್ತಿತ್ತು. ಅವನ ಕೈ ಎಣ್ಣೆ ಬಟ್ಟೆಯಿಂದ ಅದನ್ನು ಒರೆಸಿಬಿಟ್ಟಿತು.

"ಚಾಕುದ್ದೇ ಗಾಯ ಅಲ್ಲೇನು?" ಎಂದು ಭಾಗಣ್ಣ ಕೇಳಿದ.

"ಹಂಗ ಕಾಣ್ತೈತಿ," ಎಂದ ಮರಿಲಿಂಗ.

ಆ ಎರಡು ಮಾತು ಮಧ್ಯಾಹ್ನದೊಳಗೆ ಸುರಪುರ ಮುಟ್ಟಿದವು. ಮಿಸ್ತ್ರಿಯೇ ಹೇಳಿದ ಮೇಲೆ ಇನ್ನೇನು ಎಂದು, ಮಾರುಕಟ್ಟೆಯ ಹಿರಿಯ ಜಗದೇವಪ್ಪ ಲಾಲಪ್ಪನನ್ನು ಬೇವಿನ ಮರದ ಕೆಳಗಿನ ಜಾಗದಿಂದ ಎಬ್ಬಿಸಿದ. ನಾಳೆಯೊಳಗೆ ನಿಜ ಗೊತ್ತಾಗದಿದ್ದರೆ ಆ ಜಾಗ ಕಾಯಂ ಹೋದಂತೆ. ಲಾಲಪ್ಪನ ತಾಯಿಯೂ ಅಲ್ಲೇ ಕೂತು ಮೀನು ಮಾರಿದವಳು.

ಲಾಲಪ್ಪ ನೇರವಾಗಿ ಸಾಯಬಮ್ಮನ ಕಟ್ಟೆಗೆ ಬಂದ. ಮರಿಲಿಂಗನ ಅಂಗಡಿಯ ಎದುರಿಗೇ ಆಕೆಯ ಮನೆ. ಬೀಡಿ ಕಟ್ಟುವ ಹೆಂಗಸು. ಮೊಣಕಾಲು ನೋವಿನಿಂದ ಕಟ್ಟೆ ಇಳಿಯುವುದು ಕಡಿಮೆ, ಆದರೆ ಓಣಿಯ ನಾಲ್ಕು ಕಳವುಗಳನ್ನು ಅಲ್ಲೇ ಕೂತು ಪತ್ತೆ ಹಚ್ಚಿದ್ದಳು. ಹೋಗಿ ನೋಡಿ ಬರುವ ಕೆಲಸ ಯಾವಾಗಲೂ ಮರಿಲಿಂಗನದು. ಅವನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ ಎಂದು ಆಕೆ ಹತ್ತು ಮಂದಿಯ ಮುಂದೆ ಹೊಗಳಿದ್ದಳು.

ಅವತ್ತೂ ಅವನನ್ನೇ ಕಳಿಸಿದಳು. ಅವನು ಮಾರುಕಟ್ಟೆಗೆ ಹೋಗಿ ಬಂದು ವರದಿ ಒಪ್ಪಿಸಿದ. ಭಾಗಣ್ಣ ಸೈಕಲ್ಲನ್ನು ಎಡಮಗ್ಗುಲು ಗೋಡೆಗೆ ಒತ್ತಿ ನಿಲ್ಲಿಸುತ್ತಾನೆ. ಲಾಲಪ್ಪ ಕೂಡುವುದು ಬಲಕ್ಕೆ. ಗಾಳಿ ಹೋದದ್ದು ಮಾರುಕಟ್ಟೆಯಲ್ಲಲ್ಲ, ಹೊರಟು ಬಂದು ರಂಗಂಪೇಟೆಯ ಏರು ಹತ್ತುವಾಗ, ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದಾಗ.

"ಚಿಮಟಾ ನೋಡಿದೇನು?" ಆಕೆ ಎಲೆ ಕತ್ತರಿಸುತ್ತಲೇ ಕೇಳಿದಳು.

"ನೋಡೀನ್ರಿ ಅಕ್ಕ. ಸ್ವಚ್ಛ ಐತಿ."

ಸುಳ್ಳಲ್ಲ. ಒರೆಸಿದ ಮೇಲೆ ಅದು ಸ್ವಚ್ಛವೇ ಇತ್ತು. ಅವತ್ತಿನ ರೊಟ್ಟಿ ಅವನಿಗೆ ರುಚಿಸಲಿಲ್ಲ.

ಮರುದಿನ ಎಲ್ಲರನ್ನೂ ಅಂಗಡಿಯ ಮುಂದೆ ಕರೆಸಿದಳು. ಜಗದೇವಪ್ಪ ಬೆಂಚಿನ ಮೇಲೆ ಕೂತ. ಭಾಗಣ್ಣ ಅವನ ಮಗ್ಗುಲಿಗೆ ನಿಂತ. ಲಾಲಪ್ಪ ಬಿಸಿಲಲ್ಲೇ ದೂರ ನಿಂತಿದ್ದ. ಸಾಯಬಮ್ಮ ಬೀಡಿಯ ಮೊರ ಕಂಕುಳಲ್ಲಿಟ್ಟುಕೊಂಡು, ಗೋಡೆ ಹಿಡಿದು ಕಟ್ಟೆ ಇಳಿದು ಬಂದಳು. ಅದನ್ನು ಕಂಡು ಮರಿಲಿಂಗ ಎಣ್ಣೆ ಬಟ್ಟೆ ಕೈಗೆತ್ತಿಕೊಂಡ.

ಆಕೆ ಸೀಳಿದ ಟೈರನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನುದ್ದಕ್ಕೂ ಬೆರಳು ಆಡಿಸಿದಳು.

"ನಾ ದಿನಾ ಸಾವಿರ ಎಲಿ ಕತ್ತರಿಸಾಕಿ. ಕತ್ತರಿಸಿದ ಅಂಚು ಹಿಂಗ ಇರಂಗಿಲ್ರಿ. ಇದು ಸುತ್ತಮುತ್ತ ಸವದು, ನುಣ್ಣಗಾಗಿ, ಆಮ್ಯಾಲ ಹರದೈತಿ. ಚಾಕು ಒಮ್ಮೆ ಹಾಯ್ತೈತಿ. ಇದು ಸಾವಿರ ಸಲ ಹಾಯ್ದೈತಿ."

ಮತ್ತೆ ಒಂದೊಂದಾಗಿ ಬಿಡಿಸಿದಳು. ಗೋಡೆಗೆ ಒತ್ತಿದ ಮಗ್ಗುಲಿಗೆ ಬಲಕ್ಕೆ ಕೂತವನ ಕೈ ಹೋಗುವುದಿಲ್ಲ. ಚಾಕು ಹಾಕಿದ್ದರೆ ಗಾಳಿ ಅಲ್ಲೇ ಹೋಗಬೇಕಿತ್ತು, ಏರಿನ ತನಕ ಕಾಯುತ್ತಿರಲಿಲ್ಲ. ಏರಿನಲ್ಲಿ ಡಬ್ಬಿಯ ಭಾರ ಹೊತ್ತು ಎದ್ದು ತುಳಿದಾಗ ಗಾಲಿ ಒಂದು ಕಡೆ ವಾಲುತ್ತದೆ. ಭಾಗಣ್ಣನ ಅಪ್ಪ ಎಂದೋ ಬೆಸುಗೆ ಹಾಕಿಸಿದ ಜಾಗ ಎಡ ಚಿಮಟಾದ ಒಳಮಗ್ಗುಲಿಗೆ ಏಣಿನಂತೆ, ಸಣ್ಣ ದಿಬ್ಬದ ಹಾಗೆ, ಎದ್ದಿದೆ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಮಿರುಗುತ್ತಿತ್ತು. ಜಗದೇವಪ್ಪ ಬಗ್ಗಿ ಮುಟ್ಟಿ ನೋಡಿದ.

"ಟೈರು ಎಲ್ಲಾ ಕಡೆ ಸವಿಲಿಲ್ಲಲ್ಲ, ಒಂದೇ ಕಡೆ ಯಾಕ?" ಎಂದು ಭಾಗಣ್ಣ ಕೇಳಿದ.

ಸಾಯಬಮ್ಮ ಅವನಿಗೇ, ಬಿಚ್ಚಿಟ್ಟ ಗಾಲಿಯನ್ನು ಎತ್ತಿ ಹಿಡಿದು ತಿರುಗಿಸಲು ಹೇಳಿದಳು. ರಿಮ್ಮು ಒಂದು ಕಡೆ ತುಸು ಹೊರಳಿತು. ಔಟ್ ಅನ್ನುವುದು ಇದಕ್ಕೇ. ಸುತ್ತಿಗೊಮ್ಮೆ ಅದೇ ಜಾಗ ಹೋಗಿ ಆ ಬೆಸುಗೆಯ ಅಂಚಿಗೆ ಉಜ್ಜಿದೆ.

"ಸಣ್ಣ ಔಟ್ ಎಲ್ಲಾ ಗಾಲಿಗೂ ಇರ್ತೈತಿ. ಸಂದು ಸಾಕಷ್ಟು ಬಿಟ್ಟಿದ್ರ ಮುಟ್ತಿರಲಿಲ್ಲ," ಎಂದು ಆಕೆ ಮರಿಲಿಂಗನ ಕಡೆ ತಿರುಗಿದಳು. "ಸಂದು ಹೆಂಗ ಅಳದಿ, ತಮ್ಮಾ?"

ಅಳತೆ ಎಲ್ಲರಿಗೂ ಗೊತ್ತಿದ್ದದ್ದೇ. ಮರಿಲಿಂಗನ ಉಸ್ತಾದ, ತೀರಿಹೋದ ಜಮಾಲಸಾಬ, ಟೈರಿಗೂ ಚಿಮಟಾಕ್ಕೂ ನಡುವೆ ಒಂದು ಬೀಡಿ ಸಲೀಸಾಗಿ ಹಾಯಬೇಕು ಎನ್ನುತ್ತಿದ್ದ. ಹಾಯಿಸಿ ನೋಡಿ, ಆಮೇಲೆ ಅದನ್ನೇ ಸೇದುತ್ತಿದ್ದ. ಮರಿಲಿಂಗ ಪೆಟ್ಟಿಗೆಯಿಂದ ತನ್ನ ಬೀಡಿ ತೆಗೆದುಕೊಟ್ಟ. ಸಾಯಬಮ್ಮ ಅದನ್ನು ತನ್ನ ಮೊರದ ಹೊಸ ಬೀಡಿಯ ಮಗ್ಗುಲಿಗೆ ಇಟ್ಟಳು. ಅದರ ಅರ್ಧ ಗಾತ್ರವೂ ಇರಲಿಲ್ಲ. ಒಣಗಿ, ಚಪ್ಪಟೆಯಾಗಿ, ಹುಲ್ಲುಕಡ್ಡಿಯಂತಾಗಿತ್ತು.

"ನೀ ಸೇದಾಂವ ಅಲ್ಲ. ಹ್ವಾದ ವರ್ಷದ ದೀಪಾವಳಿಗೆ ನನ್ನ ಕಡಿಂದ ಒಂದೇ ಒಂದು ಬೀಡಿ ಒಯ್ದಿ, ಮತ್ತ ಬರಲಿಲ್ಲ. ವರ್ಷೊಪ್ಪತ್ತು ಅದನ್ನ ಹಾಯಿಸಿ ಹಾಯಿಸಿ ಸವಿಸೀದಿ. ನಿನ್ನ ಉಸ್ತಾದ್ ದಿನಾ ಸೇದ್ತಿದ್ದ, ಅದಕ್ಕ ಅವನ ಅಳತಿ ದಿನಾ ಹೊಸದಿರ್ತಿತ್ತು."

ಭಾಗಣ್ಣ ನಕ್ಕ. ಬೇರೆ ಯಾರೂ ನಗಲಿಲ್ಲ.

"ಅದು ತಪ್ಪಲ್ಲ, ತಿಳೀಲಾರದ್ದು," ಆಕೆ ದನಿ ತಗ್ಗಿಸಿದಳು. "ಆದ್ರ ಏಣಿನ ಸುತ್ತ ರಬ್ಬರಿನ ಪುಡಿ ಇರಬೇಕಿತ್ತು. ಸ್ವಚ್ಛ ಐತಿ ಅಂದಿ. ಯಾರು ಒರೆಸಿದ್ದು?"

ಮರಿಲಿಂಗ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ನೋಡಿದ. ಆ ಪುಡಿ ಕಂಡ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು. ಜಮಾಲಸಾಬನ ಶಿಷ್ಯ ಕಟ್ಟಿದ ಸೈಕಲ್ಲು ಉಜ್ಜಿತು ಎಂದು ಊರು ಆಡಿಕೊಳ್ಳುವುದನ್ನು ತಾಳಲಾರದೆ, ಇನ್ನೊಬ್ಬನ ಚಾಕುವಿನ ಮರೆಗೆ ನಿಂತಿದ್ದ.

"ನಾನ ಒರೆಸೀನ್ರಿ," ಎಂದ.

ಜಗದೇವಪ್ಪ ಎದ್ದು, ಜಾಗ ಲಾಲಪ್ಪನದೇ ಎಂದು ಹೇಳಿ ಹೋದ. ಭಾಗಣ್ಣ ನೆಲ ನೋಡುತ್ತ ಲಾಲಪ್ಪನ ಹೆಗಲು ಮುಟ್ಟಿದ. ಮರಿಲಿಂಗ ಕೈ ಮುಗಿದು ತಪ್ಪಾಯಿತು ಎಂದ.

"ಇಲ್ಲಿ ನಾಕು ಮಂದಿ ಮುಂದ ಅಂದಿ," ಎಂದ ಲಾಲಪ್ಪ. "ನನ್ನನ್ನ ಎಬ್ಬಿಸಿದ್ದು ಸುರಪುರದ ಪ್ಯಾಟ್ಯಾಗ."

ಸೋಮವಾರ ಅಂಗಡಿಗೆ ಕದ ಹಾಕಿ ಮರಿಲಿಂಗ ಸುರಪುರಕ್ಕೆ ಹೋದ. ಒಂದೊಂದು ಬುಟ್ಟಿಯ ಮುಂದೂ ನಿಂತು, ಟೈರು ಉಜ್ಜಿದ್ದು ನನ್ನ ಅಳತೆಯ ತಪ್ಪಿನಿಂದ, ಲಾಲಪ್ಪನ ಚಾಕುವಿನಿಂದಲ್ಲ ಎಂದು ಹೇಳಿದ. ಕೆಲವರು ಕೇಳಿಸಿಕೊಂಡರು. ಕೆಲವರು ಮೀನು ಎಷ್ಟು ಬೇಕೆಂದು ಕೇಳಿದರು. ಬೇವಿನ ಕೆಳಗೆ ಲಾಲಪ್ಪ ತಲೆ ಎತ್ತದೆ ಮೀನಿನ ಪೊರೆ ಹೆರೆಯುತ್ತಿದ್ದ.

ಈಗ ವಾರಕ್ಕೊಮ್ಮೆ ಮರಿಲಿಂಗ ಎದುರು ಕಟ್ಟೆಯಿಂದ ಹೊಸ ಬೀಡಿ ತರುತ್ತಾನೆ, ಹಳೆಯದನ್ನು ಮುರಿದು ಚೆಲ್ಲುತ್ತಾನೆ. ಹತ್ತಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಲಾಲಪ್ಪ ಗಾಳಿ ಹೋದ ಸೈಕಲ್ಲು ತಳ್ಳಿಕೊಂಡು ಬಂದ. ಮರಿಲಿಂಗ ಪಂಪು ಹಿಡಿದು ಎದ್ದು ನಿಂತ. ಲಾಲಪ್ಪ ಅಂಗಡಿಯ ಮುಂದೆ ನಡಿಗೆ ತಡೆದ, ಒಮ್ಮೆ ನೋಡಿದ, ಮತ್ತೆ ಹ್ಯಾಂಡಲ್ ನೇರ ಮಾಡಿಕೊಂಡು ಏರಿನ ಕಡೆ ತಳ್ಳಿಕೊಂಡು ಹೋದ. ಮುಂದಿನ ಅಂಗಡಿ ಇರುವುದು ಸುರಪುರದಲ್ಲಿ.

"ಕರೀಲೇನ್ರಿ ಅಕ್ಕ?" ಎಂದು ಮರಿಲಿಂಗ ಕೇಳಿದ.

ಸಾಯಬಮ್ಮ ದಾರ ಸುತ್ತುತ್ತ, ಬ್ಯಾಡ ಎಂಬಂತೆ ತಲೆ ಆಡಿಸಿದಳು.