ಕಾರ್ಡ್ ಜೋಯಿಸ ನಿಜ ಹೇಳಿದ ದಿನ

"ನನ್ನ ಬ್ಯಾಗಿಗೆ ಕೈ ಹಾಕಿದ್ಯಾ? ಹೌದೋ ಅಲ್ವೋ ಅಷ್ಟು ಹೇಳು!"

ಅವಳು ಫೋನನ್ನು ಅವನ ರಿಪೇರಿ ಮೇಜಿನ ಮೇಲೆ ಕುಕ್ಕಿದಳು. ಬಿಚ್ಚಿಟ್ಟ ಫ್ಯಾನಿನ ಸ್ಕ್ರೂಗಳು ಚೆಲ್ಲಾಪಿಲ್ಲಿಯಾದವು.

ಮಾರುಕಟ್ಟೆಗೆ ಬರಲಿರುವ ಕಂಪ್ಯೂಟರ್ ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ಮೊದಲೇ ಜಾಲತಾಣದಲ್ಲಿ ಅಂದಾಜು ಬರೆಯುವುದು ಅವನಿಗೆ ಹುಚ್ಚು. ಹತ್ತರಲ್ಲಿ ಎಂಟು ಸುಳ್ಳಾಗುತ್ತಿದ್ದವು. ಗೆಳೆಯರು ಅವನನ್ನು 'ಕಾರ್ಡ್ ಜೋಯಿಸ' ಎಂದೇ ಕರೆಯುತ್ತಿದ್ದರು. ಆದರೆ ನಿನ್ನೆ ಬರೆದದ್ದು ಅಕ್ಷರಶಃ ನಿಜ... ಮಧ್ಯಮ ಬೆಲೆಯಲ್ಲಿ ಈ ಸಲ ಮೂರು ಕಾರ್ಡು, ನಡುವಿನದಕ್ಕೆ ಹನ್ನೆರಡು ಜಿಬಿ ಮೆಮೊರಿ.

ಅದು ಗೊತ್ತಿದ್ದದ್ದು ಆ ಕಾರ್ಡುಗಳನ್ನು ಅಂಗಡಿಗಳಿಗೆ ಹಂಚುವ ಸಗಟು ಕಂಪನಿಯ ನಾಲ್ಕೇ ಜನಕ್ಕೆ. ಅವರಲ್ಲಿ ಇವಳೊಬ್ಬಳು. ಭಾನುವಾರ ಇವನ ಅಂಗಡಿಗೆ ಬಂದಾಗ ಹೊಸ ಕಾರ್ಡಿನ ವಿವರ ಅಚ್ಚಾಗಿದ್ದ ಖಾಲಿ ಮಾದರಿ ಡಬ್ಬ ಇವಳ ಬ್ಯಾಗಿನಲ್ಲೇ ಇತ್ತು.

"ನಾಳೆ ಬೆಳಿಗ್ಗೆ ಮ್ಯಾನೇಜರಮ್ಮನಿಗೆ ಉತ್ತರ ಕೊಡಬೇಕು. ನನ್ನ ಕೆಲಸ ಹೋಗುತ್ತೆ ಕಣೋ!"

"ಬ್ಯಾಗ್ ಮುಟ್ಟಿಲ್ಲ." ಅವನ ದನಿ ಕುಗ್ಗಿತ್ತು. "ಮೂರು ಕಾರ್ಡು ಅನ್ನೋದು ಬರೀ ಊಹೆ. ಎಂಟು ಜಿಬಿ ಅಂದಾಗ ನೀನು ನಕ್ಕೆ. ಹದಿನಾರು ಅಂದಾಗ 'ಲೇ ಹುಚ್ಚ' ಅಂತ ಬೈದೆ. ಹನ್ನೆರಡು ಅಂದಾಗ... ಮಾತಾಡದೆ ಎದ್ದು ಹೋಗಿ ನೀರು ಕುಡಿದೆ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

'ಇಷ್ಟು ಚೆನ್ನಾಗಿ ನನ್ನ ನೋಡುತ್ತಾನಾ? ನೋಡಿದ್ದು ಇದಕ್ಕಾ?'

"ಕದ್ದಿದ್ರೆ ಕಳ್ಳ ಅಂತ ಉಗಿದು ಹೋಗ್ತಿದ್ದೆ. ನೀನು ನನ್ನ ಮುಖಾನೇ ಓದಿ ಊರಿಗೆಲ್ಲ ಸಾರಿದ್ಯಲ್ಲೋ!"

ಅವನು ತಲೆ ಎತ್ತಲಿಲ್ಲ. ಎತ್ತಲು ಮುಖವಾದರೂ ಎಲ್ಲಿತ್ತು? ಒಮ್ಮೆಯಾದರೂ ಗೆದ್ದೆ ಎನಿಸಿಕೊಳ್ಳುವ ಚಪಲಕ್ಕೆ, ನಂಬಿದವಳ ಮೌನವನ್ನು ಬೀದಿಗಿಟ್ಟಿದ್ದ!

ಮರುದಿನ ಅವಳು ಕಚೇರಿಗೆ ಹೋದರೆ, ಮ್ಯಾನೇಜರಮ್ಮನ ಎದುರು ಅವನು ಆಗಲೇ ನಿಂತಿದ್ದ.

"ಇವರು ಒಂದು ಮಾತೂ ಹೇಳಿಲ್ಲ ಮೇಡಂ. ನಾನೇ ಕೆದಕಿ ಕೆದಕಿ ಕೇಳಿದ್ದು."

"ಕೆದಕುವವನ ಹತ್ತಿರ ಕೂತದ್ದು ನಾನೇ ಮೇಡಂ," ಎಂದಳು ಅವಳು. "ಮೊದಲ ಪ್ರಶ್ನೆಗೇ ಎದ್ದು ಬರಬೇಕಿತ್ತು."

ಮ್ಯಾನೇಜರಮ್ಮ ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಜಗಳ ಆಡ್ತಾ ಒಬ್ಬರನ್ನೊಬ್ಬರು ಉಳಿಸ್ಕೊಳ್ತೀರಲ್ಲಪ್ಪ! ಕೆಲಸದಿಂದ ತೆಗೆಯಲ್ಲ. ಆದ್ರೆ ಹೊಸ ಮಾಲಿನ ವಿಭಾಗ ನಿನಗಿನ್ನಿಲ್ಲ. ವಾಪಸ್ ಬಂದ ಮಾಲು ನೋಡ್ಕೋ."

ಅವಳು ಐದು ವರ್ಷ ದುಡಿದು ಪಡೆದ ಜಾಗ ಒಂದೇ ಮಾತಿಗೆ ಹೋಯಿತು.

ಹೊರಗೆ ಲಾರಿಗೆ ಮಾಲು ತುಂಬುತ್ತಿದ್ದರು. ಅವಳು ಕಣ್ಣೊರೆಸಿಕೊಂಡಳು. ಅವನು ಎರಡು ಮಾರು ದೂರದಲ್ಲೇ ನಿಂತ.

"ಬರೆದದ್ದನ್ನ ಅಳಿಸಿದೆ. ಇನ್ನು ಅಂದಾಜು ಬರೆಯೋದೇ ಇಲ್ಲ."

"ಅಳಿಸಿದ್ರೆ ನನ್ನ ಜಾಗ ವಾಪಸ್ ಬರುತ್ತಾ?"

"ಬರಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಇದು ಹೇಳೋ ಹೊತ್ತಲ್ಲ. ಹೇಳೋ ಯೋಗ್ಯತೆನೂ ನನಗಿಲ್ಲ. ಆದ್ರೂ... ನಿನ್ನ ಪ್ರೀತಿಸ್ತೀನಿ."

"ಗೊತ್ತು. ಅದಕ್ಕೇ ಇಷ್ಟು ನೋವಾಗಿದ್ದು."

ಅವನು ಹೋಗಲೆಂದು ತಿರುಗಿದ.

"ಎಲ್ಲಿಗೆ?"

"ನೀನು ಕೋಪದಲ್ಲಿದ್ದೀಯ..."

"ಇದ್ದೀನಿ. ಬಹಳ ದಿನ ಇರ್ತೀನಿ. ಬಿಟ್ಟು ಹೋಗು ಅಂದ್ನಾ ನಾನು?"

ಅವನ ಕಣ್ಣು ತುಂಬಿಬಂತು.

"ಸಂಜೆ ನಮ್ಮ ಮನೆಗೆ ಬಾ. ಅಮ್ಮನ ಮುಂದೆ ಎಲ್ಲ ನೀನೇ ಹೇಳು."

"ಅಮ್ಮ ಬೈತಾರೆ."

"ಬೈಸ್ಕೋ. ಪಕ್ಕದಲ್ಲಿ ನಾನಿರ್ತೀನಿ."